ಬಲೆಗೆ ಬಿದ್ದಷ್ಟೇ ಕಾಡಿನ ಬಾವಲಿಗಳಾ? ಉಷ್ಣವಲಯದ ಅಮೆರಿಕದ ಪಟ್ಟಿಗಳ ಬಗ್ಗೆ ತಕರಾರು

ಕತ್ತಲೆಕಾನು (ಚರ್ಚೆ ಶುರು ಮಾಡಿದವರು)

ಪನಾಮಾ, ಕೋಸ್ಟರಿಕಾ ಮತ್ತು ಬ್ರೆಜಿಲ್‌ನ ಮನಾಸ್ ಸುತ್ತಮುತ್ತಲ ಬಾವಲಿ ಸಮೀಕ್ಷೆಗಳನ್ನು ಒಂದೇ ಕೋಷ್ಟಕಕ್ಕೆ ಇಳಿಸುತ್ತಿದ್ದೇನೆ. ಲೆಕ್ಕ ಕೂಡುತ್ತಿಲ್ಲ. ಪನಾಮಾ ಕಾಲುವೆಯ ಗಟೂನ್ ಸರೋವರದೊಳಗಿನ ಬಾರೊ ಕೊಲೊರಾಡೊ ದ್ವೀಪ ಸುಮಾರು 1,500 ಹೆಕ್ಟೇರ್ ಅಷ್ಟೆ. ಅಲ್ಲಿ ದಾಖಲಾದ ಬಾವಲಿ ಜಾತಿಗಳು 70ಕ್ಕೂ ಹೆಚ್ಚು. ಇಡೀ ಭಾರತದಲ್ಲೇ ಸುಮಾರು 130 ಅಂದಮೇಲೆ ಇದು ಸಣ್ಣ ಸಂಖ್ಯೆ ಅಲ್ಲ. ಆದರೆ ಅದೇ ಥರದ ತಗ್ಗುಕಾಡಿನಲ್ಲಿ ಮಿಸ್ಟ್‌ನೆಟ್ (ಕಣ್ಣಿಗೆ ಕಾಣದಷ್ಟು ತೆಳುದಾರದ ಬಲೆ) ಕಟ್ಟಿದವರ ವರದಿ ತೆರೆದರೆ ಕರೋಲಿಯಾ, ಆರ್ಟಿಬಿಯಸ್, ಮತ್ತೆ ಕರೋಲಿಯಾ, ಎರಡೂ ಹಣ್ಣು ತಿನ್ನುವ ಕುಲಗಳು. ಉಳಿದವೆಲ್ಲ ಎಲ್ಲಿ ಹೋದವು?

ಎರಡನೇ ತಲೆನೋವು ವರ್ಗೀಕರಣ. ಒಂದು ಕಡೆ ಫಿಲೊಸ್ಟೊಮಿಡೇ, ಅಂದರೆ ಅಮೆರಿಕದ ಎಲೆಮೂಗಿನ ಬಾವಲಿಗಳ ಕುಟುಂಬಕ್ಕೆ 7 ಉಪಕುಟುಂಬ, ಇನ್ನೊಂದು ಕಡೆ 11. ಹಳೆಯ ವರದಿಯಲ್ಲಿದ್ದ ಸ್ಟರ್ನೈರಾ ಲಿಲಿಯಮ್ ಎಂಬ ಹಣ್ಣುಬಾಕ ಹೊಸ ಪಟ್ಟಿಯಲ್ಲಿ ಕಾಣೆ. ಯಾವುದನ್ನು ಹಿಡಿಯಲಿ, ಯಾವುದನ್ನು ಬಿಡಲಿ?

ಬಲೆಗಾರ_ಸೀನ

ಉಳಿದವು ಬಲೆಯ ಮೇಲೆ ಹಾರಿಹೋದವು, ಅಷ್ಟೇ ಗುರೂ.

ಸಾಮಾನ್ಯ ಬಲೆ 12 ಮೀಟರ್ ಉದ್ದ, ಎರಡೂವರೆ ಮೂರು ಮೀಟರ್ ಎತ್ತರ, ಕಣ್ಣು 36 ಮಿ.ಮೀ. ಆಸುಪಾಸು. ಅದು ಹಿಡಿಯುವುದು ನೆಲದಿಂದ ಮೂರು ಮೀಟರ್‌ವರೆಗೆ, ಕಾಲುದಾರಿಗುಂಟ, ಗಿಡಗಂಟಿ ನಡುವೆ ನಿಧಾನವಾಗಿ ಹಾರುವುದನ್ನು. ಅಂದರೆ ಎಲೆಮೂಗಿನ ಫಿಲೊಸ್ಟೊಮಿಡ್‌ಗಳು, ಅದರಲ್ಲೂ ಹಣ್ಣು ತಿನ್ನುವವು. ಮರದ ನೆತ್ತಿಯ ಮೇಲೆ ಹಾರುವ ಮೊಲೊಸಿಡೇ, ಬಯಲಲ್ಲಿ ಹುಳ ಹಿಡಿಯುವ ಎಂಬಲೊನ್ಯೂರಿಡೇ, ವೆಸ್ಪರ್ಟಿಲಿಯೊನಿಡೇ ಈ ಕುಟುಂಬಗಳೆಲ್ಲ ಬಲೆಗೆ ಬೀಳುವುದು ಅಪರೂಪ. ಒಂದೋ ಮೇಲೆ ಇರುತ್ತವೆ, ಇಲ್ಲ ಬಲೆಯನ್ನು ದೂರದಿಂದಲೇ ಕೇಳಿಸಿಕೊಂಡು ತಪ್ಪಿಸುತ್ತವೆ.

ಇನ್ನು ಎಲೆಮೂಗಿನವುಗಳಲ್ಲೂ ಎಲ್ಲ ಸಿಗಲ್ಲ. ಕೈರೊಡರ್ಮ, ಪ್ಲಾಟಿರೈನಸ್, ವ್ಯಾಂಪಿರೆಸ್ಸ ಇವು ಮೇಲ್ಛಾವಣಿಯ ಅತ್ತಿ ಹಣ್ಣಿಗೆ ಹೋಗುವ ಗಿರಾಕಿಗಳು. 15-20 ಮೀಟರ್ ಎತ್ತರಕ್ಕೆ ಹಗ್ಗ-ರಾಟೆ ಹಾಕಿ ಬಲೆ ಏರಿಸಿದವರ ಪಟ್ಟಿಯೇ ಬೇರೆ ಕಾಣುತ್ತದೆ.

ಅಲ್ಟ್ರಾಸೌಂಡ್_ಆಚಾರಿ

ಸೀನ ಹೇಳಿದ್ದು ಸರಿ. ಹಾಗಂತ ಬಲೆ ಬಿಟ್ಟು ಬರೀ ಧ್ವನಿಗ್ರಾಹಕ ಇಟ್ಟರೆ ತಪ್ಪು ತಿರುಗಿ ಇನ್ನೊಂದು ಕಡೆ ವಾಲುತ್ತದೆ. ಫಿಲೊಸ್ಟೊಮಿಡ್‌ಗಳ ಕೂಗು ಚಿಕ್ಕದು, ಒಂದೆರಡು ಮಿಲಿಸೆಕೆಂಡು. ಮೇಲಿಂದ ಕೆಳಕ್ಕೆ ಧುಮುಕುವ ಆವರ್ತನ, ಅದರ ಮೇಲೆ ನಾಲ್ಕಾರು ಹಾರ್ಮೋನಿಕ್ (ಮೂಲ ಆವರ್ತನದ ಎರಡು, ಮೂರು ಪಟ್ಟಿನ ಸ್ವರಗಳು). ಕರೋಲಿಯಾ ಯಾವುದು, ಚಿಕ್ಕ ಆರ್ಟಿಬಿಯಸ್ ಯಾವುದು ಅಂತ ಧ್ವನಿಚಿತ್ರ ನೋಡಿ ಬೇರ್ಪಡಿಸುವುದು ಬಹುತೇಕ ಆಗದ ಕೆಲಸ. 'ಫಿಲೊಸ್ಟೊಮಿಡ್, ಜಾತಿ ಗೊತ್ತಿಲ್ಲ' ಎಂದು ಬರೆದು ಮುಂದೆ ಹೋಗಿ.

ಉಪಕರಣದ ಸೆಟ್ಟಿಂಗ್ ಕೂಡ ನೋಡಿ. ಸೆಕೆಂಡಿಗೆ 192 ಸಾವಿರ ಮಾದರಿ ಅಂತ ಇಟ್ಟರೆ ಅದರ ಅರ್ಧ, ಅಂದರೆ 96 ಕಿಲೋಹರ್ಟ್ಸ್‌ಗಿಂತ ಮೇಲಿನದ್ದು ದಾಖಲಾಗುವುದೇ ಇಲ್ಲ. ಫ್ಯುರಿಪ್ಟೆರಸ್, ಥೈರಾಪ್ಟೆರಾ, ಮೈಕ್ರೊನಿಕ್ಟೆರಿಸ್ ಕುಲಗಳ ಕೂಗೆಲ್ಲ 100 ದಾಟುತ್ತವೆ. 384 ಸಾವಿರ ಇಡಿ; ಮೆಮೊರಿ ಕಾರ್ಡ್ ಬೇಗ ತುಂಬುತ್ತದೆ, ತುಂಬಲಿ.

ಧ್ವನಿ ನಿಜವಾಗಿ ಗೆಲ್ಲುವುದು ಎಂಬಲೊನ್ಯೂರಿಡ್‌ಗಳಲ್ಲಿ. ಸ್ಯಾಕಾಪ್ಟೆರಿಕ್ಸ್ ಬೈಲಿನಿಯಾಟ 45, 48 ಕಿಲೋಹರ್ಟ್ಸ್ ಎರಡನ್ನೂ ಒಂದಾದಮೇಲೊಂದು ಹಾಕುತ್ತದೆ. ಕಾರ್ಮುರಾ ಬ್ರೆವಿರೋಸ್ಟ್ರಿಸ್ 26ರ ಆಸುಪಾಸು ಶುರುಮಾಡಿ ಮೂರು ಸ್ವರ ಏರುತ್ತದೆ, ಹೆಚ್ಚುಕಡಿಮೆ ಸ-ರಿ-ಗ ಇದ್ದಂತೆ. ಒಂದು ಸಲ ಪರದೆ ಮೇಲೆ ನೋಡಿದರೆ ಮತ್ತೆ ಮರೆಯಲ್ಲ.

ಧಾರವಾಡ_ನಿಶಾಚರ

ಫಿಲೊಸ್ಟೊಮಿಡ್ ಅಂದ್ರ ಪಿಸುಗುಡೋ ಬಾವಲಿ ಅಂತಾರಲ್ರಿ, ಮೈಕಿಗೆ ಕೇಳೋದೇ ಇಲ್ಲ ಅಂತ?

ಅಲ್ಟ್ರಾಸೌಂಡ್_ಆಚಾರಿ

ಆ ಹಣೆಪಟ್ಟಿ ಹಳೆಯದು. 2009ರಲ್ಲಿ ಬ್ರಿಂಕ್ಲೋವ್, ಕಾಲ್ಕೊ, ಸುರ್ಲಿಕೆ ಮೂವರು ಆರ್ಟಿಬಿಯಸ್ ಜಮೈಸೆನ್ಸಿಸ್ ಮತ್ತು ಮ್ಯಾಕ್ರೊಫಿಲಮ್ ಎರಡನ್ನೂ ಹಾರಾಡುವಾಗ ಅಳೆದರು. 10 ಸೆಂ.ಮೀ. ದೂರಕ್ಕೆ ಲೆಕ್ಕ ಹಾಕಿದಾಗ 100 ಡೆಸಿಬೆಲ್ ಮೀರಿತ್ತು. ಅದು ಪಿಸುಮಾತಲ್ಲ. ಆದರೆ ಮೀನು ಹಿಡಿಯುವ ನಾಕ್ಟಿಲಿಯೊ ಲೆಪೊರಿನಸ್ 140ರ ಹತ್ತಿರ ಹೋಗುತ್ತದೆ, ಅದರ ಮುಂದೆ ಇದು ಏನೂ ಅಲ್ಲ. ಜೊತೆಗೆ ಫಿಲೊಸ್ಟೊಮಿಡ್ ಮೂಗಿನಿಂದ ಕೂಗುತ್ತದೆ, ಕಿರಣ ಕಿರಿದು. ಮೈಕು ನೇರ ಎದುರಿಗಿಲ್ಲದಿದ್ದರೆ ತಪ್ಪಿಹೋಗುತ್ತದೆ.

ಹಲ್ಲೆಣಿಸುವವ

ವರ್ಗೀಕರಣದ ಪ್ರಶ್ನೆಗೆ ಯಾರೂ ಕೈ ಹಾಕಲಿಲ್ಲ, ನಾನು ಹಾಕುತ್ತೇನೆ.

7 ಅನ್ನುವ ಲೆಕ್ಕ ವೆಟ್ಟರರ್, ರಾಕ್‌ಮನ್, ಸಿಮನ್ಸ್ 2000ರಲ್ಲಿ ಕೊಟ್ಟದ್ದು. ಬಹುಪಾಲು ದೇಹರಚನೆ: ಹಲ್ಲು, ನಾಲಗೆ, ತಲೆಬುರುಡೆ, ಮೂಗೆಲೆ. 11 ಅನ್ನುವುದು ಟೆಕ್ಸಾಸ್ ಟೆಕ್‌ನ ರಾಬರ್ಟ್ ಬೇಕರ್ ಮತ್ತು ಸಂಗಡಿಗರದ್ದು. 2003ರಲ್ಲಿ ಡಿಎನ್‌ಎ ಮೇಲೆ ಕಟ್ಟಿದರು, 2016ರಲ್ಲಿ ಇನ್ನಷ್ಟು ಪುರಾವೆ ಸೇರಿಸಿ ಗಟ್ಟಿ ಮಾಡಿದರು. ಈಗ ಬಳಸಬೇಕಾದ್ದು ಈ 11ನ್ನೇ. ಎರಡನ್ನೂ 'ಅಭಿಪ್ರಾಯಭೇದ' ಅಂತ ಸಮಾನವಾಗಿ ತೂಗಬೇಡಿ.

ವ್ಯತ್ಯಾಸ ಹೆಚ್ಚಾಗಿ ಬರುವುದು ಮೂರು ಜಾಗದಲ್ಲಿ. ಹಳೆಯ ಫಿಲೊಸ್ಟೊಮಿನೇ ಒಂದು ಕಸದಬುಟ್ಟಿ ಗುಂಪು: ಕೀಟ ತಿನ್ನುವ, ದೊಡ್ಡ ಕಿವಿಯ, ಹಳೆಯ ಮಾದರಿಯ ಹಲ್ಲಿರುವ ಎಲ್ಲವನ್ನೂ ಅದಕ್ಕೆ ಹಾಕಿದ್ದರು. ಡಿಎನ್‌ಎ ಪ್ರಕಾರ ಮ್ಯಾಕ್ರೋಟಸ್ ಇಡೀ ಕುಟುಂಬದ ಬುಡದಲ್ಲೇ ಕವಲೊಡೆದದ್ದು, ಮೈಕ್ರೊನಿಕ್ಟೆರಿಸ್ ಅದರ ನಂತರ. ಲಾಂಕೊರೈನ ಪ್ರತ್ಯೇಕ. ಗ್ಲಿಫೊನಿಕ್ಟೆರಿಸ್ ಅಂತೂ ಹಣ್ಣುಬಾಕಗಳ ಕಡೆಗೆ ಹೋಗಿ ಕೂತಿದೆ. ಎರಡನೆಯದು ಕರೋಲಿಯಾ ಮತ್ತು ರೈನೊಫಿಲ್ಲ. ಎರಡೂ ಗಿಡ್ಡ ಮೂತಿಯ ಸಣ್ಣ ಹಣ್ಣುಬಾಕಗಳು, ಒಂದೇ ಗುಂಪು ಅಂತಿದ್ದರು. ರೈನೊಫಿಲ್ಲ ಹತ್ತಿರವಿರುವುದು ಆರ್ಟಿಬಿಯಸ್ ಇರುವ ಸ್ಟೆನೊಡರ್ಮಾಟಿನೇಗೆ.

ಮೂರನೆಯದು ಮಕರಂದ ಹೀರುವವು. ಅದೇ ಎಲ್ಲಕ್ಕಿಂತ ರುಚಿಯಾದ ಭಾಗ, ಬಿಡುವಾದಾಗ ಬರೆಯುತ್ತೇನೆ.

ಸುಮ್ನೆ_ಓದುಗ

ರಕ್ತ ಕುಡಿಯೋವು ಎಲ್ಲಿ ಬರ್ತವೆ ಇದರಲ್ಲಿ? ಬೇರೆ ಕುಟುಂಬ ತಾನೆ?

ಹಲ್ಲೆಣಿಸುವವ

ಅಲ್ಲ, ಅವೂ ಫಿಲೊಸ್ಟೊಮಿಡೇ ಒಳಗೇ, ಡೆಸ್ಮೊಡಾಂಟಿನೇ ಉಪಕುಟುಂಬ. ಮ್ಯಾಕ್ರೋಟಸ್, ಮೈಕ್ರೊನಿಕ್ಟೆರಿಸ್ ಕವಲುಗಳ ನಂತರ ಬೇಗನೆ ಬೇರ್ಪಟ್ಟವು. ಮೂರೇ ಜಾತಿ: ಡೆಸ್ಮೊಡಸ್ ರೊಟುಂಡಸ್, ಡಯೀಮಸ್ ಯಂಗಿ, ಡಿಫಿಲ್ಲ ಇಕಾಡೇಟ.

ಗುರುತಿಸಲು ಹೆಬ್ಬೆರಳು ನೋಡಿ. ಡೆಸ್ಮೊಡಸ್‌ಗೆ ಉದ್ದ ಹೆಬ್ಬೆರಳು, ಅಡಿಯಲ್ಲಿ ಎದ್ದುಕಾಣುವ ಮೆತ್ತೆಗಳು. ನೆಲದ ಮೇಲೆ ಓಡುವುದೇ ಅದರ ಮೇಲೆ ಭಾರ ಹಾಕಿ. ಡಯೀಮಸ್‌ಗೆ ಒಂದೇ ಮೆತ್ತೆ, ರೆಕ್ಕೆಯ ತುದಿ ಬಿಳಿ. ಡಿಫಿಲ್ಲಕ್ಕೆ ಗಿಡ್ಡ ಹೆಬ್ಬೆರಳು, ಮೆತ್ತೆ ಇಲ್ಲ, ಕಣ್ಣು ದೊಡ್ಡವು. ಹಲ್ಲು ಎಣಿಸಲು ಧೈರ್ಯವಿದ್ದರೆ ಕ್ರಮವಾಗಿ 20, 22, 26.

ಕುಡ್ಲ_ಕಪ್ಪಟೆ

ಮಾರಾಯ್ರೆ, ಒಂದು ಸಂಶಯ. ನಮ್ಮ ಕೋಲಾರದ ಹನುಮನಹಳ್ಳಿ ಗುಹೆಯಲ್ಲಿ ಎಲೆಮೂಗಿನ ಬಾವಲಿ ಉಂಟಲ್ಲ, ಹಿಪ್ಪೊಸಿಡೆರಸ್ ಹೈಪೊಫಿಲ್ಲಸ್, ಅದು ಈ ಅಮೆರಿಕದ ಎಲೆಮೂಗಿನವುಗಳಿಗೆ ನೆಂಟನಾ?

ಹಲ್ಲೆಣಿಸುವವ

ಬಹಳ ದೂರದ ನೆಂಟ. ಈಗಿನ ವಂಶವೃಕ್ಷದಲ್ಲಿ ಬಾವಲಿಗಳು ಮೊದಲು ಎರಡಾಗಿ ಒಡೆಯುತ್ತವೆ: ಯಿನ್‌ಪ್ಟೆರೊಕೈರಾಪ್ಟೆರಾ, ಯಾಂಗೊಕೈರಾಪ್ಟೆರಾ. ಕೋಲಾರದ್ದು ಮೊದಲನೆಯದರಲ್ಲಿ, ಅಮೆರಿಕದ ಫಿಲೊಸ್ಟೊಮಿಡ್ ಎರಡನೆಯದರಲ್ಲಿ. ಕೋಲಾರದ ಆ ಪುಟ್ಟ ಹುಳಬಾಕಕ್ಕೆ ಅಮೆರಿಕದವುಗಳಿಗಿಂತ ಹತ್ತಿರದ ಸಂಬಂಧಿ ಅಂದರೆ, ನಂಬಿ, ಆಲದ ಮರದಲ್ಲಿ ನೇತಾಡುವ ನಮ್ಮ ದೊಡ್ಡ ತೊಗಲುಬಾವಲಿ. ಆ ಕವಲಲ್ಲಿ ಒಂದೂ ಜಾತಿ ಅಮೆರಿಕದಲ್ಲಿಲ್ಲ.

ಎರಡೂ ಕಡೆ ಮೂಗಿನಿಂದ ಕೂಗುವ ಪದ್ಧತಿ ಪ್ರತ್ಯೇಕವಾಗಿ ಬಂತು, ಅದರ ಜೊತೆ ಮೂಗೆಲೆಯೂ. ಕೈಯಲ್ಲಿ ಹಿಡಿದಾಗ ಗೊಂದಲವೇ ಆಗದು: ಫಿಲೊಸ್ಟೊಮಿಡ್‌ನ ಮೂಗೆಲೆ ಸಾಮಾನ್ಯವಾಗಿ ಈಟಿಯ ಮೊನೆ ಥರ ನಿಂತಿರುತ್ತದೆ, ಕಿವಿಯ ಮುಂದೆ ಟ್ರೇಗಸ್ ಎಂಬ ಚಾಚು ಇರುತ್ತದೆ. ಹಿಪ್ಪೊಸಿಡೆರಸ್‌ಗೆ ದುಂಡಗಿನ ಅಗಲ ಮೂಗೆಲೆ, ಟ್ರೇಗಸ್ ಇಲ್ಲವೇ ಇಲ್ಲ.

ಅತ್ತಿಮರ

ಇದಕ್ಕೇ ಜೋಡಿಸಿ: ಎಲೆ ಕಡಿದು ಡೇರೆ ಮಾಡುವ ಅಭ್ಯಾಸವೂ ಎರಡೂ ಕಡೆ ಬೇರೆಬೇರೆಯಾಗಿ ಬಂದಿದೆ. ಅಲ್ಲಿ ಯುರೋಡರ್ಮ ಬೈಲೊಬೇಟಮ್, ಹೆಲಿಕೋನಿಯಾ ಎಲೆಯಡಿಯ ಬಿಳಿ ಎಕ್ಟೊಫಿಲ್ಲ ಆಲ್ಬ. ಇಲ್ಲಿ ನಮ್ಮ ಸೈನಾಪ್ಟೆರಸ್ ಸ್ಫಿಂಕ್ಸ್. ಆಹಾರ, ಮನೆ ಇವನ್ನು ನೋಡಿ ವಂಶ ಹೇಳಲಾಗದು.

ಕತ್ತಲೆಕಾನು

ಭಲೇ. ಮತ್ತೆ ಸ್ಟರ್ನೈರಾ ಲಿಲಿಯಮ್?

ಹಲ್ಲೆಣಿಸುವವ

2013ರಲ್ಲಿ ವೆಲಾಸ್ಕೊ ಮತ್ತು ಪ್ಯಾಟರ್ಸನ್ ಅದನ್ನು ಒಡೆದರು. ಮೆಕ್ಸಿಕೊದಿಂದ ಅರ್ಜೆಂಟೀನಾವರೆಗೆ ಒಂದೇ ಜಾತಿ ಅಂತಿದ್ದದ್ದು ಹಲವು ಜಾತಿ ಅಂತಾಯಿತು. ಲಿಲಿಯಮ್ ಹೆಸರು ದಕ್ಷಿಣ ಅಮೆರಿಕದ ದಕ್ಷಿಣ ಭಾಗಕ್ಕೆ ಸೀಮಿತ. ಮೆಕ್ಸಿಕೊ, ಮಧ್ಯ ಅಮೆರಿಕದ ಉತ್ತರ ಭಾಗದ್ದು ಸ್ಟರ್ನೈರಾ ಪಾರ್ವಿಡೆನ್ಸ್.

ಇದೇ ಗತಿ ಇನ್ನೂ ಕೆಲವಕ್ಕೆ ಆಗಿದೆ, ನಿಮ್ಮ ಕೋಷ್ಟಕದಲ್ಲಿ ಹುಡುಕಿ. ಗ್ಲಾಸೊಫೇಗ ಸೊರಿಸಿನ 2021ರಲ್ಲಿ ಒಡೆಯಿತು: ಆಂಡೀಸ್‌ನ ಪೂರ್ವದ್ದು ಮಾತ್ರ ಸೊರಿಸಿನ, ಮಧ್ಯ ಅಮೆರಿಕದ್ದು ಮ್ಯೂಟಿಕ. ಟೆರೊನೋಟಸ್ ಪಾರ್ನೆಲ್ಲಿಯೈ 2016ರಲ್ಲಿ ಒಡೆಯಿತು. ಪನಾಮಾದ ಹಳೆಯ ವರದಿಗಳಲ್ಲಿ ಪಾರ್ನೆಲ್ಲಿಯೈ ಅಂತಿರುವುದನ್ನು ಈಗ ಮೆಸೊಅಮೆರಿಕಾನಸ್ ಅಂತ ಓದಬೇಕು.

ಕತ್ತಲೆಕಾನು

ಹಾಗಾದರೆ ಹಳೆ ಹೆಸರು ಅಳಿಸಿ ಹೊಸದು ಹಾಕಿಬಿಡಲೇ?

ಹಲ್ಲೆಣಿಸುವವ

ಅಳಿಸಬೇಡಿ! ಎರಡು ಕಾಲಮ್ ಇಡಿ. ಒಂದರಲ್ಲಿ ವರದಿಯಲ್ಲಿದ್ದ ಹೆಸರು ಅಕ್ಷರಶಃ, ಇನ್ನೊಂದರಲ್ಲಿ ನೀವು ಅರ್ಥ ಮಾಡಿಕೊಂಡ ಹೆಸರು, ಪಕ್ಕದಲ್ಲಿ ಯಾವ ವರ್ಷದ ಪರಿಷ್ಕರಣೆ ಅಂತ. ಎರಡು ಹೊಸ ಜಾತಿಗಳು ಒಟ್ಟಿಗೆ ಸಿಗುವ ಜಾಗವಾದರೆ ಹಳೆಯ ಒಂದು ಹೆಸರು ಯಾವುದಕ್ಕೆ ಸೇರಬೇಕು ಅಂತ ಕೋಷ್ಟಕ ನೋಡಿ ಹೇಳಲಾಗದು. ಅಲ್ಲಿ ವಸ್ತುಸಂಗ್ರಹಾಲಯದಲ್ಲಿಟ್ಟ ಮಾದರಿಯನ್ನೇ ಮತ್ತೆ ನೋಡಬೇಕು. ಮಾದರಿ ಇಡದೆ ಬರೀ ಹೆಸರು ಬರೆದುಕೊಂಡ ಸಮೀಕ್ಷೆಗಳು ಇಲ್ಲಿ ಸತ್ತಂತೆಯೇ.

ಅಲ್ಟ್ರಾಸೌಂಡ್_ಆಚಾರಿ

ಟೆರೊನೋಟಸ್ ವಿಷಯದಲ್ಲಿ ಧ್ವನಿ ಸಹಾಯಕ್ಕೆ ಬರುತ್ತದೆ. ಅಮೆರಿಕ ಖಂಡದಲ್ಲಿ ಉದ್ದನೆಯ ಒಂದೇ ಆವರ್ತನದ ಕೂಗು ಹಾಕಿ ಡಾಪ್ಲರ್ ಬದಲಾವಣೆ (ಹಾರುವ ವೇಗದಿಂದ ಪ್ರತಿಧ್ವನಿಯ ಆವರ್ತನ ಬದಲಾಗುವುದು) ಸರಿದೂಗಿಸುವುದು ಈ ಪಾರ್ನೆಲ್ಲಿಯೈ ಗುಂಪು ಒಂದೇ. ನಮ್ಮ ಕಡೆಯ ಕುದುರೆಲಾಳ ಬಾವಲಿಗಳು ಮಾಡುವ ಅದೇ ಕೆಲಸ, ಸ್ವತಂತ್ರವಾಗಿ ಬಂದದ್ದು. ಅಮೆಜಾನ್‌ನಲ್ಲಿ 55ರ ಆಸುಪಾಸು ಒಂದು, 60ರ ಆಸುಪಾಸು ಇನ್ನೊಂದು ಅಂತ ಎರಡು ಗುಂಪು ಒಂದೇ ಕಾಡಲ್ಲಿ ಕೇಳುತ್ತಿತ್ತು. ಎರಡನೆಯದಕ್ಕೆ 2018ರಲ್ಲಿ ಟೆರೊನೋಟಸ್ ಆಲಿಟೋನಸ್ ಅಂತ ಪ್ರತ್ಯೇಕ ಹೆಸರು ಬಂತು. ಹಳೆಯ ಧ್ವನಿಮುದ್ರಣ ಉಳಿಸಿಕೊಂಡವರು ಕೂತಲ್ಲೇ ಪಟ್ಟಿ ತಿದ್ದಿಕೊಳ್ಳಬಹುದು.

ಧಾರವಾಡ_ನಿಶಾಚರ

ಕೈಯಾಗ ಹಿಡಿದಾಗ ಕರೋಲಿಯಾ ಮೂರೂ ಒಂದೇ ಥರ ಕಾಣ್ತಾವಲ್ರಿ, ವರದಿಗಳನ್ನ ಎಷ್ಟು ನಂಬಬೇಕು?

ಬಲೆಗಾರ_ಸೀನ

ಅರ್ಧ ನಂಬಿ. ಮುಂದೋಳು ಅಳತೆ: ಕರೋಲಿಯಾ ಕಾಸ್ಟಾನಿಯ ಸುಮಾರು 34-38 ಮಿ.ಮೀ., ಬ್ರೆವಿಕಾಡ 37-42, ಪರ್ಸ್ಪಿಸಿಲ್ಲಾಟ 38-44. ಮೊದಲನೆಯದು ಬೇರ್ಪಡುತ್ತದೆ, ಉಳಿದೆರಡು ಒಂದರ ಮೇಲೊಂದು ಬಿದ್ದಿವೆ. ಆಗ ಬೆನ್ನ ಮೇಲಿನ ರೋಮ ಊದಿ ಪಟ್ಟೆ ನೋಡಬೇಕು. ಬ್ರೆವಿಕಾಡಕ್ಕೆ ರೋಮ ದಟ್ಟ, ಪಟ್ಟೆ ಸ್ಪಷ್ಟ, ಮುಂದೋಳಿನ ಮೇಲೂ ರೋಮ. ಪರ್ಸ್ಪಿಸಿಲ್ಲಾಟಕ್ಕೆ ಪಟ್ಟೆ ಮಸುಕು, ಮುಂದೋಳು ಹೆಚ್ಚುಕಡಿಮೆ ಬೋಳು.

ಅಳೆಯುವಾಗ ಆಗುವ ತಪ್ಪು ಎಲ್ಲರಿಗೂ ಒಂದೇ. ರೆಕ್ಕೆ ಮಡಿಸಿ ಮೊಣಕೈಯಿಂದ ಮಣಿಕಟ್ಟಿನ ಹೊರ ಅಂಚಿನವರೆಗೆ ಹಿಡಿಯಬೇಕು, 0.1 ಮಿ.ಮೀ. ಕ್ಯಾಲಿಪರ್. ಮಣಿಕಟ್ಟಿನ ಎಲುಬು ಒಬ್ಬರು ಸೇರಿಸಿ ಇನ್ನೊಬ್ಬರು ಬಿಟ್ಟರೆ ಒಂದು ಮಿ.ಮೀ. ಹೋಯಿತು, ಕರೋಲಿಯಾದಲ್ಲಿ ಅದೇ ಜಾತಿ ಬದಲಾಯಿಸುತ್ತದೆ. ಮರಿ ಅಳೆಯುವುದು ಇನ್ನೊಂದು ತಪ್ಪು. ರೆಕ್ಕೆ ಬಿಡಿಸಿ ಹಿಂದಿನಿಂದ ಟಾರ್ಚ್ ಹಿಡಿದರೆ ಮರಿಯ ಬೆರಳ ಗೆಣ್ಣಿನಲ್ಲಿ ಮೃದ್ವಸ್ಥಿಯ ತಿಳಿ ಪಟ್ಟೆ ಕಾಣುತ್ತದೆ, ಬೆಳೆದದ್ದರಲ್ಲಿ ಗೆಣ್ಣು ಗಂಟಾಗಿ ಅಪಾರದರ್ಶಕ.

ಅತ್ತಿಮರ

ಆರ್ಟಿಬಿಯಸ್‌ಗೂ ಸೇರಿಸಿ. ಲಿಟುರೇಟಸ್ ಅಂದರೆ ಮುಖದ ಬಿಳಿ ಗೆರೆ ಎದ್ದುಕಾಣಬೇಕು, ಕಾಲುಗಳ ನಡುವಿನ ಪೊರೆಯ ಮೇಲೆ ರೋಮ ಇರಬೇಕು. ಜಮೈಸೆನ್ಸಿಸ್‌ನಲ್ಲಿ ಗೆರೆ ಮಸುಕು, ಪೊರೆ ಬೋಳು. ಚಿಕ್ಕವನ್ನು ಡರ್ಮನುರ ಅಂತ ಪ್ರತ್ಯೇಕ ಕುಲ ಮಾಡುವವರೂ ಇದ್ದಾರೆ, ಉಪಕುಲ ಅನ್ನುವವರೂ ಇದ್ದಾರೆ. ಅದು ಬರೀ ದರ್ಜೆಯ ಜಗಳ; ಗುಂಪು ಒಂದೇ ಅಂತ ಎರಡೂ ಪಕ್ಷ ಒಪ್ಪುತ್ತವೆ. ಕೋಷ್ಟಕದಲ್ಲಿ ಒಂದನ್ನು ಆರಿಸಿ ಎಲ್ಲ ಕಡೆ ಅದನ್ನೇ ಬಳಸಿ, ಸಾಕು.

ಸುಮ್ನೆ_ಓದುಗ

ಎಷ್ಟು ರಾತ್ರಿ ಬಲೆ ಕಟ್ಟಿದರು ಅಂತ ಒಂದೊಂದು ವರದಿ ಒಂದೊಂದು ಥರ ಬರೆಯುತ್ತೆ. ಬಲೆ-ಗಂಟೆ ಅಂತಾರೆ. ಏನದು?

ಬಲೆಗಾರ_ಸೀನ

ಅಲ್ಲೇ ಅರ್ಧ ಕೋಷ್ಟಕಗಳು ಮಗುಚುವುದು. ಒಬ್ಬರಿಗೆ ಒಂದು ಬಲೆ ಅಂದರೆ 6 ಮೀಟರ್, ಇನ್ನೊಬ್ಬರಿಗೆ 12. ಚದರ ಮೀಟರ್-ಗಂಟೆಗೆ ಇಳಿಸಿ. 12 ಗುಣಿಸು 2.5 ಮೀಟರಿನ ಐದು ಬಲೆ ಅಂದರೆ 150 ಚದರ ಮೀಟರ್. ಸಂಜೆಯಿಂದ ಆರು ಗಂಟೆ ತೆರೆದಿಟ್ಟರೆ ರಾತ್ರಿಗೆ 900. ಹತ್ತು ರಾತ್ರಿಗೆ 9,000.

ಅದಾದಮೇಲೂ ಹುಷಾರು. ಒಂದೇ ಜಾಗದಲ್ಲಿ ಎರಡನೇ ರಾತ್ರಿ ಕಟ್ಟಿದರೆ ಸಿಗುವುದು ಕಡಿಮೆ, ಬಾವಲಿಗಳು ಜಾಗ ಕಲಿತಿರುತ್ತವೆ. ಮಳೆಹನಿ ಕೂತ ಬಲೆ ಅವುಗಳಿಗೆ ಗೋಡೆಯಷ್ಟು ಸ್ಪಷ್ಟ. ಹುಣ್ಣಿಮೆಯ ಆಜುಬಾಜು ಆರ್ಟಿಬಿಯಸ್ ಬೆಳದಿಂಗಳಲ್ಲಿ ಹೊರಬರುವುದೇ ಕಡಿಮೆ. ಬಾರೊ ಕೊಲೊರಾಡೊದಲ್ಲಿ ಮಾರಿಸನ್ 1978ರಲ್ಲೇ ಇದನ್ನು ತೋರಿಸಿದ್ದರು. ಬಿಗಿಯಾಗಿ ಎಳೆದು ಕಟ್ಟಿದ ಬಲೆಯಲ್ಲಿ ಬಾವಲಿ ಬಡಿದು ಪುಟಿದು ಹೋಗುತ್ತದೆ. ಪ್ರತಿ ಅಡ್ಡದಾರದ ಕೆಳಗೆ ಜೋಳಿಗೆ ಇಳಿಬೀಳುವಷ್ಟು ಸಡಿಲ ಬೇಕು.

ಇನ್ನು ಗುಹೆಬಾಯಿಗೆ ಬಲೆ ಕಟ್ಟುವ ವರದಿ ಕಂಡರೆ ಅದನ್ನು ಬೇರೆ ಇಡಿ. ಸಮೃದ್ಧಿ ಲೆಕ್ಕಕ್ಕೆ ಬರದು. ಟೆರೊನೋಟಸ್, ಮಾರ್ಮೂಪ್ಸ್, ನಟಾಲಸ್ ನೂರಾರು ಒಟ್ಟಿಗೆ ಹೊರಬರುವಾಗ ಬಲೆ ನಿಮಿಷಗಳಲ್ಲಿ ತುಂಬಿ, ಬಿಡಿಸುವಷ್ಟರಲ್ಲಿ ಕೆಲವು ಸಾಯುತ್ತವೆ. ಅಲ್ಲಿ ಹಾರ್ಪ್ ಟ್ರ್ಯಾಪ್ ಇಡಬೇಕು: ನೇರ ನಿಂತ ಎಳೆಗಳು, ಕೆಳಗೆ ಚೀಲ, ಬಾವಲಿ ಜಾರಿ ಬೀಳುತ್ತದೆ, ಸಿಕ್ಕಿಕೊಳ್ಳದು.

ಕುಡ್ಲ_ಕಪ್ಪಟೆ

ಬಿಡಿಸುವಾಗ ಕಚ್ಚುವುದಿಲ್ಲವಾ?

ಬಲೆಗಾರ_ಸೀನ

ಕಚ್ಚದೆ ಇನ್ನೇನು. ರೇಬೀಸ್ ಲಸಿಕೆ ಮುಂಚಿತವಾಗಿ ಹಾಕಿಸಿಕೊಳ್ಳದವರನ್ನು ಬಲೆ ಹತ್ತಿರ ಬಿಡಲೇಬಾರದು. ಹಿಡಿಯುವ ಕೈಗೆ ಚರ್ಮದ ಕೈಗವಸು, ಬಿಡಿಸುವ ಕೈಗೆ ತೆಳುವಾದದ್ದು. ಯಾವ ಬದಿಯಿಂದ ಒಳಬಂತು ಅಂತ ಮೊದಲು ನೋಡಿ, ಅದೇ ಬದಿಯಿಂದ ತೆಗೆಯಬೇಕು: ಮೊದಲು ಕಾಲು, ಆಮೇಲೆ ರೆಕ್ಕೆ, ಕೊನೆಗೆ ತಲೆ. ಬಲೆ ನೋಡುವುದು 10-15 ನಿಮಿಷಕ್ಕೊಮ್ಮೆ. ತಡಮಾಡಿದರೆ ದೊಡ್ಡ ಆರ್ಟಿಬಿಯಸ್ ಬಲೆ ಕಡಿದು ತೂತು ಮಾಡಿ ಹೋಗಿರುತ್ತದೆ. ಗಬ್ಬದ, ಹಾಲೂಡುವ ಹೆಣ್ಣನ್ನು ಅಲ್ಲೇ ಬಿಟ್ಟುಬಿಡುವುದು. ಗ್ಲಾಸೊಫೇಗ ಥರದ ಮಕರಂದದವು ಹಸಿವು ತಾಳವು. ಒಂದು ಪಾಲು ಸಕ್ಕರೆಗೆ ನಾಲ್ಕು ಪಾಲು ನೀರು ಕಲಸಿ ಡ್ರಾಪರ್‌ನಲ್ಲಿ ಕುಡಿಸಿ ಬಿಡಬೇಕು.

ಅತ್ತಿಮರ

ಚೀಲದಲ್ಲಿಟ್ಟ ಹಣ್ಣುಬಾಕಗಳ ಹಿಕ್ಕೆ ಎಸೆಯಬೇಡಿ ಅಂತ ಸೇರಿಸಿ. ಕರೋಲಿಯಾದಲ್ಲಿ ಬೀಜ ಹೊಟ್ಟೆ ದಾಟಲು ಅರ್ಧ ಗಂಟೆ ಸಾಕು. ಸಾಮಾನ್ಯ ಸೂತ್ರ: ಕರೋಲಿಯಾಕ್ಕೆ ಪೈಪರ್, ಅಂದರೆ ನಮ್ಮ ಕಾಳುಮೆಣಸಿನ ಕುಲ, ಸ್ಟರ್ನೈರಾಕ್ಕೆ ಸೊಲಾನಮ್, ಬದನೆಯ ಕುಲ, ಆರ್ಟಿಬಿಯಸ್‌ಗೆ ಅತ್ತಿ ಮತ್ತು ಸೆಕ್ರೋಪಿಯ ಎಂಬ ಮರ.

ಧಾರವಾಡ_ನಿಶಾಚರ

ಹಕ್ಕಿ ಕೊಂಬಿ ಮ್ಯಾಲೆ ಕುಂತು ಬೀಜ ಉದುರಸ್ತದ, ಬಾವಲಿ ಹಾರ್ಕೊಂತ ಬಯಲಾಗ ಉದುರಸ್ತದ, ಅದಕ್ಕ ಕಾಡು ಮತ್ತ ಬೆಳಸೋದ್ರಾಗ ಬಾವಲೀನ ಮೇಲು ಅಂತ ಎಲ್ಲಾ ಕಡೆ ಓದೇನಿ.

ಅತ್ತಿಮರ

ಅರ್ಧ ಸತ್ಯ. ಸೆಕ್ರೋಪಿಯ, ಪೈಪರ್, ವಿಸ್ಮಿಯದಂಥ ಗಿಡಮರಗಳ ಪುಟ್ಟ ಬೀಜಕ್ಕೆ ಒಪ್ಪುತ್ತೇನೆ, ನುಂಗಿದ್ದು ಹಾರಾಟದಲ್ಲಿ ಬೀಳುತ್ತದೆ. ಆದರೆ ಬಾವಲಿ ಹಣ್ಣಿನ ಮರದಲ್ಲೇ ಕೂತು ತಿನ್ನುವುದು ಕಡಿಮೆ. ಅಲ್ಲಿ ಹಾವು, ಗೂಬೆ ಕಾಯುತ್ತಿರುತ್ತವೆ. ಹಣ್ಣು ಕಚ್ಚಿಕೊಂಡು ಹತ್ತಾರು, ಕೆಲವೊಮ್ಮೆ ನೂರಾರು ಮೀಟರ್ ಆಚೆಯ ರಾತ್ರಿತಂಗುದಾಣಕ್ಕೆ ಒಯ್ದು ತಿನ್ನುತ್ತದೆ. ಅತ್ತಿಯನ್ನು ಆರ್ಟಿಬಿಯಸ್ ಅಗಿದು ರಸ ಹೀರಿ ನಾರು ಉಂಡೆ ಮಾಡಿ ಉಗುಳುತ್ತದೆ, ಆ ಉಂಡೆಯೊಳಗೂ ಬೀಜ ಇರುತ್ತದೆ. ಹಾಗಾಗಿ ತಂಗುದಾಣದ ಕೆಳಗೆ ಬೀಜದ ರಾಶಿ. ದೊಡ್ಡ ಬೀಜದ ಹಣ್ಣಾದರೆ ಬರೀ ಅಲ್ಲೇ.

ಇನ್ನೊಂದು. ಮನಾಸ್ ಉತ್ತರಕ್ಕಿರುವ ತುಂಡುಕಾಡುಗಳ ಯೋಜನೆಯಲ್ಲಿ ಕಂಡದ್ದು: ಕಡಿದು ಬಿಟ್ಟ ಜಾಗದಲ್ಲಿ ಸೆಕ್ರೋಪಿಯ ಎದ್ದಿತು, ಕಡಿದು ಸುಟ್ಟು ದನ ಮೇಯಿಸಿದ ಜಾಗದಲ್ಲಿ ವಿಸ್ಮಿಯ. ಕರೋಲಿಯಾ ವಿಸ್ಮಿಯ ಹಣ್ಣು ಚೆನ್ನಾಗಿ ತಿನ್ನುತ್ತದೆ, ಬೀಜವನ್ನೂ ತರುತ್ತದೆ. ಆದರೂ ವಿಸ್ಮಿಯ ತೋಪು ವರ್ಷಗಟ್ಟಲೆ ವಿಸ್ಮಿಯ ತೋಪಾಗಿಯೇ ಉಳಿದಿದೆ. ಬೀಜ ಬಂದ ಮಾತ್ರಕ್ಕೆ ಮೂಲ ಕಾಡು ವಾಪಸು ಬರಲ್ಲ, ಯಾರ ಹಣ್ಣಿನ ಬೀಜ ಅನ್ನುವುದು ಮುಖ್ಯ.

ಕತ್ತಲೆಕಾನು

ಇದು ನನ್ನ ಮೂಲ ಪ್ರಶ್ನೆಗೆ ಹತ್ತಿರ ಬಂತು. ಹಾಗಾದರೆ ಕರೋಲಿಯಾ ಜಾಸ್ತಿ ಇದ್ದರೆ ಕಾಡು ಕೆಟ್ಟಿದೆ ಅಂತಲಾ?

ಅತ್ತಿಮರ

ಅದೊಂದರಿಂದಲೇ ಹೇಳಬೇಡಿ, ಆದರೆ ದಿಕ್ಕು ಸರಿ. ಕಡಿದ ಕಾಡಲ್ಲಿ ಕರೋಲಿಯಾ ಹೆಚ್ಚುತ್ತದೆ. ಎಲೆ ಮೇಲಿನ ಹುಳ, ಕಪ್ಪೆ, ಹಲ್ಲಿ ಹೆಕ್ಕುವ ನಿಜವಾದ ಫಿಲೊಸ್ಟೊಮಿನೇ ಕಡಿಮೆಯಾಗುತ್ತವೆ: ಲೋಫೊಸ್ಟೋಮ, ಟ್ರಾಕಾಪ್ಸ್, ಕ್ರೋಟಾಪ್ಟೆರಸ್. ಫೆಂಟನ್ ಮತ್ತು ಸಂಗಡಿಗರು 1992ರಲ್ಲೇ ಈ ಗುಂಪನ್ನು ಸೂಚಕ ಅಂತ ಮುಂದಿಟ್ಟಿದ್ದರು. ಕಾರಣ ಸರಳ. ಲೋಫೊಸ್ಟೋಮ ಸಿಲ್ವಿಕೋಲಮ್ ಮರದ ಮೇಲಿನ ಜೀವಂತ ಗೆದ್ದಲುಗೂಡು ಕೊರೆದು ಅದರಲ್ಲಿ ಇರುತ್ತದೆ. ವ್ಯಾಂಪೈರಮ್ ಸ್ಪೆಕ್ಟ್ರಮ್‌ಗೆ, ಸುಮಾರು ಒಂದು ಮೀಟರ್ ರೆಕ್ಕೆಯಗಲದ ಮಾಂಸಾಹಾರಿ, ಟೊಳ್ಳಾದ ಹಳೆಮರ ಬೇಕು. ಟ್ರಾಕಾಪ್ಸ್‌ಗೆ ಕಪ್ಪೆ ಕೂಗುವ ನೀರು. ಇವೆಲ್ಲ ಕಡಿದ ಕಾಡಲ್ಲಿ ಎಲ್ಲಿ ಸಿಗಬೇಕು?

ಬಲೆಗಾರ_ಸೀನ

ಒಪ್ಪಲ್ಲ. ವ್ಯಾಂಪೈರಮ್ ಅಖಂಡ ಕಾಡಲ್ಲೂ ಬಲೆಗೆ ಬೀಳುವುದು ಅಪರೂಪ. 9,000 ಚದರ ಮೀಟರ್-ಗಂಟೆಯಲ್ಲಿ ಸಿಗಲಿಲ್ಲ ಅಂತ 'ಇಲ್ಲ' ಎಂದು ಬರೆದರೆ ಕಾಡಿಗೂ ಅನ್ಯಾಯ, ಓದುವವರಿಗೂ.

ಅತ್ತಿಮರ

ಅದಕ್ಕೇ ಜಾತಿಗಳ ಸಂಖ್ಯೆಯನ್ನು ನೇರ ಹೋಲಿಸಬಾರದು. ಹೆಚ್ಚು ಬಾವಲಿ ಹಿಡಿದ ಕಡೆ ಹೆಚ್ಚು ಜಾತಿ ಬರುವುದು ಸಹಜ. ಎರಡೂ ಕಡೆ ಒಂದೇ ಸಂಖ್ಯೆಯ ಬಾವಲಿ ಹಿಡಿದಿದ್ದರೆ ಎಷ್ಟು ಜಾತಿ ಬರುತ್ತಿತ್ತು ಅಂತ ರೇರ್‌ಫ್ಯಾಕ್ಷನ್ ಮಾಡಿ, ಆಮೇಲೆ ಮಾತಾಡೋಣ. ಫಿಲೊಸ್ಟೊಮಿನೇಯ ಒಟ್ಟು ಪಾಲು ನೋಡಿ, ಒಂದೊಂದೇ ಅಪರೂಪದ ಜಾತಿ ಹಿಡಿದು ಕೂರಬೇಡಿ.

ಬಲೆಗಾರ_ಸೀನ

ಹಾಗಾದರೆ ಸರಿ.

ಹಲ್ಲೆಣಿಸುವವ

ಮಕರಂದದ ವಿಷಯ ಬಾಕಿ ಇತ್ತು. ಗ್ಲಾಸೊಫೇಜಿನೇ ಮತ್ತು ಲಾಂಕೊಫಿಲ್ಲಿನೇ ಎರಡಕ್ಕೂ ಉದ್ದ ಮೂತಿ, ಉದ್ದ ನಾಲಗೆ, ಸಣ್ಣ ಹಲ್ಲು. ದೇಹರಚನೆಯ ಮರದಲ್ಲಿ ಒಂದೇ ಕವಲು. ಡಿಎನ್‌ಎ ಮರದಲ್ಲಿ ಎರಡು. ಮಕರಂದ ಹೀರುವ ವೃತ್ತಿ ಎರಡು ಸಲ ಬಂತು ಅನ್ನುವುದೇ ಈಗ ಬಹುಮತ. ಇದಕ್ಕೆ ಬಲ ಕೊಟ್ಟದ್ದು ನಾಲಗೆ. ಗ್ಲಾಸೊಫೇಗದ ನಾಲಗೆ ತುದಿಯಲ್ಲಿ ಕೂದಲಿನಂಥ ಎಳೆಗಳು, ನಾಲಗೆ ಚಾಚಿದಾಗ ಅವಕ್ಕೆ ರಕ್ತ ನುಗ್ಗಿ ಸೆಟೆದು ನಿಲ್ಲುತ್ತವೆ, ಮಕರಂದ ಅವುಗಳ ನಡುವೆ ಸಿಕ್ಕಿಕೊಳ್ಳುತ್ತದೆ. 2013ರಲ್ಲಿ ಹೈಸ್ಪೀಡ್ ಕ್ಯಾಮೆರಾದಲ್ಲಿ ತೋರಿಸಿದರು. ಮತ್ತೆ ಮತ್ತೆ ಚಾಚಿ ಎಳೆದುಕೊಳ್ಳುತ್ತದೆ. ಲಾಂಕೊಫಿಲ್ಲದ್ದು ಹಾಗಲ್ಲ: ನಾಲಗೆಯ ಎರಡೂ ಬದಿಗೆ ಕಾಲುವೆ, ನಾಲಗೆಯನ್ನು ಮಕರಂದದೊಳಗೇ ಅದ್ದಿಟ್ಟಿರುತ್ತದೆ, ದ್ರವ ಕಾಲುವೆಗುಂಟ ಮೇಲೇರುತ್ತದೆ. ಅದು 2015ರ ಕೆಲಸ. ಹೊರಗೆ ಒಂದೇ ಮೂತಿ, ಒಳಗೆ ಎರಡು ಯಂತ್ರ.

ದಾಖಲೆ ಬೇಕಾದರೆ ಈಕ್ವೆಡಾರ್‌ನ ಅನೂರ ಫಿಸ್ಟುಲೇಟ ಇದೆ, 2005ರಲ್ಲಿ ವಿವರಿಸಿದ್ದು. ನಾಲಗೆ 8.5 ಸೆಂ.ಮೀ., ದೇಹದ ಒಂದೂವರೆ ಪಟ್ಟು. ಬುಡ ಬಾಯಲ್ಲಿಲ್ಲ, ಎದೆಗೂಡಿನಲ್ಲಿದೆ.

ಸುಮ್ನೆ_ಓದುಗ

ಬಾವಲಿ ಇಲ್ಲದಿದ್ದರೆ ಟಕೀಲಾ ಇಲ್ಲ ಅನ್ನೋದು ಇದರಿಂದಲೇನಾ 😀

ಹಲ್ಲೆಣಿಸುವವ

ಅದು ಉತ್ಪ್ರೇಕ್ಷೆ. ಮೆಕ್ಸಿಕೊದ ಮದ್ಯ ಟಕೀಲಾಕ್ಕೆ ಬೆಳೆಯುವ ನೀಲಿ ಅಗಾವೆಯನ್ನು, ಅಂದರೆ ಕತ್ತಾಳೆ ಕುಲದ ಗಿಡವನ್ನು, ಬುಡದ ಮರಿಗಳಿಂದ ನೆಡುತ್ತಾರೆ, ಹೂದಂಡ ಏಳುವಾಗಲೇ ಕಡಿಯುತ್ತಾರೆ. ಹೂ ಬಿಟ್ಟರೆ ಸಕ್ಕರೆ ಅದಕ್ಕೇ ಖರ್ಚು. ಹಾಗಾಗಿ ಈ ಸಾಲಿನ ಗ್ಲಾಸಿಗೆ ಬಾವಲಿ ಬೇಕಿಲ್ಲ. ನಷ್ಟ ಎರಡು ಕಡೆ: ಮಕರಂದ ಕುಡಿಯುವ ಲೆಪ್ಟೊನಿಕ್ಟೆರಿಸ್ ಬಾವಲಿಗೆ ಹೂವಿಲ್ಲ, ಅಗಾವೆ ತೋಟ ಪೂರ್ತಿ ನಕಲುಗಳಾಗಿ ಒಂದು ರೋಗಕ್ಕೆ ಎಲ್ಲ ಒಟ್ಟಿಗೆ ಬೀಳುತ್ತವೆ. ಅದಕ್ಕೇ ಮೆಕ್ಸಿಕೊದ ರೊದ್ರಿಗೊ ಮೆದೆಯೀನ್ ಮತ್ತಿತರರು ತೋಟದ ಶೇ. 5ರಷ್ಟು ಗಿಡ ಹೂಬಿಡಲು ಬಿಡಿ ಅಂತ ಬೆಳೆಗಾರರನ್ನು ಒಪ್ಪಿಸುತ್ತಿರುವುದು. ಲೆಪ್ಟೊನಿಕ್ಟೆರಿಸ್ ಯೆರ್ಬಬುಯೆನೆ 1988ರಿಂದ ಅಮೆರಿಕ ಸಂಯುಕ್ತ ಸಂಸ್ಥಾನದ ಅಳಿವಿನ ಪಟ್ಟಿಯಲ್ಲಿತ್ತು, 2018ರಲ್ಲಿ ಹೊರಬಂತು.

ಧಾರವಾಡ_ನಿಶಾಚರ

ಆದ್ರ ರಕ್ತ ಕುಡಿಯೋವನ್ನ ಕೊಲ್ಲೋದು ಬ್ಯಾಡ ಅಂತೀರೇನು? ದನಕ್ಕ ರೇಬೀಸ್ ಹಚ್ಚತಾವಲ್ಲ.

ಅತ್ತಿಮರ

ಕೊಂದು ನೋಡಿಯಾಗಿದೆ. 1970ರ ದಶಕದಿಂದ ವಾರ್ಫರಿನ್ ಥರದ ರಕ್ತ ಹೆಪ್ಪುಗಟ್ಟದಂತೆ ಮಾಡುವ ಮುಲಾಮು ಬಳಸುತ್ತಾರೆ. ಒಂದನ್ನು ಹಿಡಿದು ಬೆನ್ನಿಗೆ ಹಚ್ಚಿ ಬಿಟ್ಟರೆ ತಂಗುದಾಣದಲ್ಲಿ ಒಂದನ್ನೊಂದು ನೆಕ್ಕಿಕೊಂಡು ಹಲವು ಸಾಯುತ್ತವೆ. ಕಡಿತ ಸ್ವಲ್ಪ ಕಾಲ ಕಡಿಮೆಯಾಗುತ್ತದೆ. ರೇಬೀಸ್ ಆಗಲ್ಲ. ಸ್ಟ್ರೈಕರ್ ಮತ್ತು ಸಂಗಡಿಗರು ಪೆರುವಿನಲ್ಲಿ ರಕ್ತಪರೀಕ್ಷೆ ಮಾಡಿ 2012ರಲ್ಲಿ ಪ್ರಕಟಿಸಿದ್ದು: ಗುಂಪು ದೊಡ್ಡದೋ ಚಿಕ್ಕದೋ ಅನ್ನುವುದಕ್ಕೂ ಸೋಂಕಿಗೂ ಸಂಬಂಧ ಕಾಣಲಿಲ್ಲ. ಸೋಂಕಿಗೆ ಹೆಚ್ಚು ಒಡ್ಡಿಕೊಂಡಿದ್ದು ಮರಿಗಳು, ಎಳೆಯವು. ಮುಲಾಮಿಗೆ ಸಾಯುವುದು ಹೆಚ್ಚಾಗಿ ಬೆಳೆದವು.

ದನಕ್ಕೆ ಲಸಿಕೆ ಹಾಕಿ. ಗುಹೆಗೆ ಡೈನಮೈಟ್, ಹೊಗೆ ಹಾಕಿದ ಕಡೆಯಂತೂ ಸತ್ತದ್ದು ಹೆಚ್ಚಾಗಿ ರಕ್ತ ಕುಡಿಯದ ಜಾತಿಗಳೇ.

ಕುಡ್ಲ_ಕಪ್ಪಟೆ

ಡೆಸ್ಮೊಡಸ್ ಎರಡು ರಾತ್ರಿ ಹಸಿದರೆ ಸಾಯ್ತದೆ, ಪಕ್ಕದ್ದು ಕಕ್ಕಿ ಕುಡಿಸ್ತದೆ ಅಂತ ಕೇಳಿದ್ದು ಹೌದಾ?

ಹಲ್ಲೆಣಿಸುವವ

ಹೌದು, ಎರಡು ಮೂರು ರಾತ್ರಿ ಅನ್ನಿ. ವಿಲ್ಕಿನ್ಸನ್ 1984ರಲ್ಲಿ ಕೋಸ್ಟರಿಕಾದಲ್ಲಿ ತೋರಿಸಿದರು. ಬರೀ ರಕ್ತಸಂಬಂಧಿಗೆ ಮಾತ್ರ ಅಲ್ಲ, ಹಿಂದೆ ತನಗೆ ಕೊಟ್ಟವರಿಗೂ ಕೊಡುತ್ತವೆ. ಕಾರ್ಟರ್ ಜೊತೆ 2013ರಲ್ಲಿ ಮತ್ತೆ ಪರೀಕ್ಷಿಸಿದಾಗ ನೆಂಟಸ್ತಿಕೆಗಿಂತ ಕೊಡು-ಕೊಳ್ಳುವ ಲೆಕ್ಕವೇ ಗಟ್ಟಿ ಕಂಡಿತು.

ನಿರ್ವಾಹಕರು

ಟಕೀಲಾ ಮುಂದುವರಿಸುವವರು ಬೇರೆ ಎಳೆ ತೆರೆಯಿರಿ. ಇಲ್ಲಿ ಸಮೀಕ್ಷೆ, ವರ್ಗೀಕರಣ ಮಾತ್ರ.

ಕತ್ತಲೆಕಾನು

ಕೋಷ್ಟಕಕ್ಕೆ ಈಗ ಹೀಗೆ ಕಾಲಮ್ ಹಾಕುತ್ತಿದ್ದೇನೆ: ವರದಿಯ ಹೆಸರು, ಈಗಿನ ಹೆಸರು, ಪರಿಷ್ಕರಣೆಯ ವರ್ಷ, ವಿಧಾನ, ಬಲೆಯ ಎತ್ತರ, ಚದರ ಮೀಟರ್-ಗಂಟೆ, ಮಾದರಿ ಇಟ್ಟಿದ್ದಾರಾ. ಧ್ವನಿ ಮತ್ತು ಬಲೆಯ ಸಂಖ್ಯೆಗಳನ್ನು ಕೂಡಿಸಿ ಒಟ್ಟು ಮಾಡಬಹುದಾ?

ಅಲ್ಟ್ರಾಸೌಂಡ್_ಆಚಾರಿ

ಜಾತಿಪಟ್ಟಿಗೆ ಕೂಡಿಸಿ, ಸಂಖ್ಯೆಗೆ ಬೇಡ. ಒಂದೇ ಸ್ಯಾಕಾಪ್ಟೆರಿಕ್ಸ್ ಮೈಕಿನ ಮುಂದೆ ಸುತ್ತು ಹಾಕುತ್ತಾ ನೂರು ಸಲ ದಾಖಲಾಗುತ್ತದೆ; ಅದು ನೂರು ಬಾವಲಿ ಅಲ್ಲ. ನಿಮಿಷಕ್ಕೆ ಇತ್ತು ಅಥವಾ ಇರಲಿಲ್ಲ ಅಂತ ಮಾತ್ರ ಲೆಕ್ಕ ಹಿಡಿಯಿರಿ.

ಬಲೆಗಾರ_ಸೀನ

ಚಂದ್ರನ ತಿಥಿಗೂ ಒಂದು ಕಾಲಮ್ ಹಾಕಿ. ವರದಿಯಲ್ಲಿ ಬರೆದಿರುವುದಿಲ್ಲ, ತಾರೀಖು ಇದ್ದರೆ ಪಂಚಾಂಗ ನೋಡಿ ತುಂಬಿಕೊಳ್ಳಬಹುದು.